ಬಂದೂಕು ವಿಮರ್ಶಕರೂ ತಯಾರಕರೂ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಬಂದೂಕು ವಿಮರ್ಶೆಗಳನ್ನು ಓದುವ, ನೋಡುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ಕೆಲವರು ಅಲ್ಲೇ ನೆಲೆಸಿ ಮೊದಲ ಪಿಸ್ತೂಲು ಕೊಳ್ಳುವ ಯೋಚನೆಯಲ್ಲಿರುವವರು, ಇನ್ನು ಕೆಲವರು ಯಂತ್ರದ ಮೇಲಿನ ಕುತೂಹಲಕ್ಕೆ ನೋಡುವವರು. ಮಾತಿನ ನಡುವೆ, ಪತ್ರಗಳಲ್ಲಿ ಇವರೆಲ್ಲ ಕೇಳುವುದು ಹೆಚ್ಚುಕಡಿಮೆ ಒಂದೇ: ಈ ವಿಮರ್ಶಕರು ಕಂಪನಿಗಳಿಗೆ ಮಾರಿಕೊಂಡವರಾ? ಅನುಮಾನಪಡುವುದು ಒಳ್ಳೆಯದೇ. ಆದರೆ ಲಂಚವನ್ನೇ ಹುಡುಕುತ್ತಾ ಕೂತವರಿಗೆ ನಿಜವಾದ ಓರೆಕೋರೆ ಕಣ್ಣಿಗೆ ಬೀಳುವುದಿಲ್ಲ. ಅದು ಇರುವುದು ಬೇರೆ ಕಡೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಸರಳವಾದವುಗಳಿಂದ ಶುರುಮಾಡಿ ಇಲ್ಲಿ ಜೋಡಿಸಿದ್ದೇನೆ. ಕಾನೂನಿನ ಮಾತೆಲ್ಲ ಅಮೆರಿಕಕ್ಕೆ ಸಂಬಂಧಿಸಿದ್ದು.

## ಮೊದಲು ಕೇಳುವವು

ಕಂಪನಿಯವರು ವಿಮರ್ಶಕರಿಗೆ ಬಂದೂಕನ್ನು ಪುಕ್ಕಟೆ ಕೊಟ್ಟುಬಿಡ್ತಾರಂತೆ, ಹೌದಾ?

ಹೆಚ್ಚಿನ ಸಲ ಕೊಡುವುದು ಎರವಲು. ಪರೀಕ್ಷೆಗೆಂದು ಕಳಿಸುವ ಇಂಥ ಬಂದೂಕನ್ನು ಆ ವಲಯದಲ್ಲಿ ‘ಟಿ ಆ್ಯಂಡ್ ಇ’ ಎನ್ನುತ್ತಾರೆ. ಜೊತೆಗೊಂದು ಕರಾರುಪತ್ರ ಇರುತ್ತದೆ. ಅದರಲ್ಲಿ ಸೀರಿಯಲ್ ನಂಬರ್, ಬೆಲೆ, ಎಷ್ಟು ದಿನದೊಳಗೆ ವಾಪಸ್ ಬರಬೇಕು ಎಂಬುದೆಲ್ಲ ನಮೂದಾಗಿರುತ್ತದೆ. ಸಾಮಾನ್ಯವಾಗಿ ಅವಧಿ 60 ಅಥವಾ 90 ದಿನ. ಅದು ಮುಗಿದ ಮೇಲೆ ಬಂದೂಕನ್ನು ಹಿಂತಿರುಗಿಸಬೇಕು, ಇಲ್ಲವೇ ದುಡ್ಡು ಕಟ್ಟಿ ಇಟ್ಟುಕೊಳ್ಳಬೇಕು. ಕೊಳ್ಳುವುದಾದರೆ ಅಂಗಡಿ ಬೆಲೆಗಿಂತ ಕಡಿಮೆಗೆ ಕೊಡುವುದು ಹಳೆಯ ರೂಢಿ.

ನಿಜವಾಗಿ ಪುಕ್ಕಟೆ ಬಿಟ್ಟುಕೊಡುವುದೂ ಉಂಟು. ಅದು ಕೆಲಸಕ್ಕೆ ಪ್ರತಿಯಾಗಿ ಬಂದ ವಸ್ತುವಾದರೆ ಅದರ ಮಾರುಕಟ್ಟೆ ಬೆಲೆಯನ್ನು ಆದಾಯವೆಂದು ತೋರಿಸಿ ತೆರಿಗೆ ಕಟ್ಟಬೇಕಾಗುತ್ತದೆ. ಈ ಎರಡಕ್ಕಿಂತ ನನಗೆ ಹೆಚ್ಚು ಯೋಚನೆ ಹಚ್ಚುವುದು ಆ ರಿಯಾಯಿತಿಯೇ. ಪುಕ್ಕಟೆ ಬಂದದ್ದನ್ನು ಓದುಗರ ಮುಂದೆ ಹೇಳಿಕೊಳ್ಳುವವರಿದ್ದಾರೆ. ‘ಕಡಿಮೆಗೆ ಕೊಂಡೆ’ ಎಂದು ಹೇಳಿಕೊಳ್ಳುವವರು ಅಷ್ಟಿಲ್ಲ. ಕೊಳ್ಳಲು ಮನಸ್ಸು ಮಾಡಿಯಾದ ಬಂದೂಕಿನ ತಪ್ಪನ್ನು ಅದೇ ಮನಸ್ಸು ಮುಚ್ಚಿಡಲು ನೋಡುತ್ತದೆ.

ಹಾಗಾದ್ರೆ ಕೊರಿಯರ್‌ನವನು ಮನೆ ಬಾಗಿಲಿಗೇ ತಂದುಕೊಡ್ತಾನಾ?

ಇಲ್ಲ. 1968ರ ಬಂದೂಕು ನಿಯಂತ್ರಣ ಕಾಯ್ದೆಯ ಪ್ರಕಾರ ಬೇರೆ ರಾಜ್ಯದ ತಯಾರಕರು ಪರವಾನಗಿಯಿಲ್ಲದ ವ್ಯಕ್ತಿಗೆ ನೇರವಾಗಿ ಬಂದೂಕು ಕಳಿಸುವಂತಿಲ್ಲ. ಅದು ವಿಮರ್ಶಕ ವಾಸವಿರುವ ರಾಜ್ಯದ ಪರವಾನಗಿ ಪಡೆದ ಅಂಗಡಿಗೆ ಬರಬೇಕು. ಆ ಪರವಾನಗಿಗೆ ಎಫ್‌ಎಫ್‌ಎಲ್ ಎಂದು ಹೆಸರು. ವಿಮರ್ಶಕ ಎಷ್ಟೇ ಹೆಸರುವಾಸಿಯಾಗಿದ್ದರೂ ಆ ಅಂಗಡಿಯ ಕೌಂಟರ್ ಮುಂದೆ ನಿಂತು ಬಂದೂಕು ವ್ಯವಹಾರದ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಎಟಿಎಫ್ ಸಂಸ್ಥೆಯ 4473ನೇ ನಮೂನೆ ತುಂಬಬೇಕು. ಹೆಸರು, ವಿಳಾಸ, ಹುಟ್ಟಿದ ದಿನಾಂಕ, ಅಪರಾಧದ ಹಿನ್ನೆಲೆ, ಮಾದಕ ವಸ್ತುವಿನ ಬಳಕೆ ಎಲ್ಲಕ್ಕೂ ಉತ್ತರ ಬರೆದು ಸಹಿ ಹಾಕಬೇಕು. ಅಂಗಡಿಯವನು ಗುರುತಿನ ಚೀಟಿ ನೋಡಿ, 1998ರಲ್ಲಿ ಶುರುವಾದ ಎಫ್‌ಬಿಐನ ಹಿನ್ನೆಲೆ ತಪಾಸಣಾ ವ್ಯವಸ್ಥೆಯನ್ನು ಕೇಳುತ್ತಾನೆ. ‘ಮುಂದುವರಿಯಿರಿ’, ‘ಸದ್ಯಕ್ಕೆ ಕಾಯಿರಿ’, ‘ನಿರಾಕರಿಸಿ’ ಎಂಬ ಮೂರರಲ್ಲಿ ಒಂದು ಉತ್ತರ ಬರುತ್ತದೆ. ಅಂಗಡಿಯವನ ಶುಲ್ಕವನ್ನೂ ಬಹಳ ಸಲ ವಿಮರ್ಶಕನೇ ಕಟ್ಟುತ್ತಾನೆ. ಸ್ವಂತ ಪರವಾನಗಿ ಮಾಡಿಸಿಕೊಂಡ ವಿಮರ್ಶಕರಿಗೆ ಮಾತ್ರ ಬಂದೂಕು ನೇರವಾಗಿ ಬರುತ್ತದೆ. ಅವರೂ ಬಂದದ್ದು ಹೋದದ್ದನ್ನೆಲ್ಲ ಎಟಿಎಫ್ ತಪಾಸಣೆಗೆ ಬಂದಾಗ ತೆರೆದು ನೋಡಬಹುದಾದ ದಾಖಲೆ ಪುಸ್ತಕದಲ್ಲಿ ಬರೆದಿಡಬೇಕು.

ಹೊಗಳಿದ್ರೆ ದುಡ್ಡು ಕೊಡ್ತಾರಾ? ನಿಜ ಹೇಳಿ.

ಜಾಹೀರಾತಿಗೆ ದುಡ್ಡು ಕೊಡುತ್ತಾರೆ, ಅದು ಗುಟ್ಟೇನಲ್ಲ. ದುಡ್ಡು ಪಡೆದು ಮಾಡಿದ ಜಾಹೀರಾತನ್ನು ವಿಮರ್ಶೆಯ ವೇಷದಲ್ಲಿ ತೋರಿಸುವುದು ಮಾತ್ರ ಕಾನೂನಿಗೆ ವಿರುದ್ಧ. ಅಮೆರಿಕದ ಕೇಂದ್ರ ವ್ಯಾಪಾರ ಆಯೋಗ, ಅಂದರೆ ಎಫ್‌ಟಿಸಿ, ಇದರ ಬಗ್ಗೆ 1980ರಲ್ಲೇ ಮಾರ್ಗಸೂಚಿ ತಂದಿತ್ತು. 2009ರಲ್ಲಿ ಅಂತರ್ಜಾಲದಲ್ಲಿ ಬರೆಯುವವರೂ ಅದರೊಳಗೆ ಬರುತ್ತಾರೆಂದು ಸ್ಪಷ್ಟಪಡಿಸಿತು, 2023ರಲ್ಲಿ ಮತ್ತೆ ಬಿಗಿಗೊಳಿಸಿತು. ದುಡ್ಡಿರಲಿ, ಪುಕ್ಕಟೆ ವಸ್ತುವಿರಲಿ, ಪ್ರವಾಸದ ಖರ್ಚಿರಲಿ, ನೋಡುವವರ ತೀರ್ಮಾನದ ಮೇಲೆ ಪರಿಣಾಮ ಬೀರಬಲ್ಲ ಯಾವ ನಂಟಿದ್ದರೂ ಎದ್ದುಕಾಣುವಂತೆ ಹೇಳಬೇಕು. ವಿಡಿಯೊದ ಕೆಳಗೆ ಹತ್ತು ಸಾಲು ಒತ್ತಿ ತೆರೆದ ಮೇಲೆ ಕಾಣುವ ಒಂದು ಪದ ಸಾಲದು. ಹೀಗೇ ಹೊಗಳಬೇಕು, ಹೀಗೇ ತೆಗಳಬೇಕು ಎಂಬ ಷರತ್ತು ಹಾಕಿ ಗ್ರಾಹಕರ ವಿಮರ್ಶೆ ಕೊಳ್ಳುವುದನ್ನು 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂದ ಇನ್ನೊಂದು ನಿಯಮ ನೇರವಾಗಿ ನಿಷೇಧಿಸುತ್ತದೆ.

ಎಲ್ಲರೂ ಪಾಲಿಸುತ್ತಾರೆಂದು ನಾನು ಹೇಳುತ್ತಿಲ್ಲ. ಆದರೆ ‘ಹೊಗಳಿಕೆಗೆ ಲಕೋಟೆ’ ಎಂಬ ಚಿತ್ರ ಬಹುತೇಕ ಕಡೆ ತಾಳೆಯಾಗುವುದಿಲ್ಲ. ಲಕೋಟೆಯ ಅಗತ್ಯವೇ ಬೀಳದಂತೆ ವ್ಯವಸ್ಥೆ ನಡೆಯುತ್ತದೆ. ಹೇಗೆಂಬುದು ಮುಂದಿನ ಪ್ರಶ್ನೆಗಳಲ್ಲಿದೆ.

ಮತ್ತೆ ಇವರ ಹೊಟ್ಟೆಪಾಡು ಹೇಗೆ?

ಮುದ್ರಿತ ಪತ್ರಿಕೆಗಳಿಗೆ ಮುಖ್ಯ ಆದಾಯ ಜಾಹೀರಾತು, ಜಾಹೀರಾತುದಾರರು ಹೆಚ್ಚಾಗಿ ಬಂದೂಕಿನ ಕಂಪನಿಗಳೇ. ವಿಡಿಯೊ ಮಾಡುವವರ ದಾರಿ ಬೇರೆ. ಬಂದೂಕು ಮಾರುವ ಉದ್ದೇಶದ ವಿಡಿಯೊ, ಮಾರುವ ತಾಣಕ್ಕೆ ಕೊಂಡಿ ಹಾಕುವುದು ಯೂಟ್ಯೂಬ್‌ನಲ್ಲಿ ನಿಷಿದ್ಧ. ಹಣ ಪಡೆದು ಆಯುಧಗಳನ್ನು ಪ್ರಚಾರ ಮಾಡುವುದನ್ನು ಇನ್‌ಸ್ಟಾಗ್ರಾಂ 2019ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಹೀಗಾಗಿ ಪ್ರಾಯೋಜಕರಾಗಿ ಹೆಚ್ಚು ಕಾಣುವವರು ಗುರಿ ನೋಡುವ ದುರ್ಬೀನು, ಪಿಸ್ತೂಲು ಇಡುವ ಹೋಲ್‌ಸ್ಟರ್, ಕಿವಿರಕ್ಷಕ, ಗುಂಡು ಮಾರುವವರು. ನೋಡುಗರ ತಿಂಗಳ ದೇಣಿಗೆಯೂ ಕೆಲವರ ಕೈ ಹಿಡಿದಿದೆ. ಪಿಸ್ತೂಲಿನ ಬಗ್ಗೆ ಖಡಾಖಂಡಿತವಾಗಿ ಮಾತಾಡುವವರೇ ಅದರ ಮೇಲೆ ಕೂರಿಸಿದ ದುರ್ಬೀನಿನ ಬಗ್ಗೆ ಮೆತ್ತಗಾಗುವುದನ್ನು ಕಂಡರೆ, ದುಡ್ಡು ಯಾವ ಕಡೆಯಿಂದ ಬರುತ್ತಿದೆಯೆಂದು ಒಮ್ಮೆ ನೋಡಿ.

ಪ್ರಕಟಿಸೋ ಮೊದಲು ಕಂಪನಿಗೆ ತೋರಿಸಿ ಒಪ್ಪಿಗೆ ತಗೋಬೇಕಾ?

ಬೇಕಿಲ್ಲ. ನಳಿಕೆಯ ಉದ್ದ, ತೂಕ, ಬೆಲೆ ಸರಿಯಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳುವುದು ಜವಾಬ್ದಾರಿಯ ಕೆಲಸ. ತೀರ್ಪನ್ನು ತಿದ್ದಲು ಬಿಟ್ಟರೆ ಅದು ವಿಮರ್ಶೆಯಾಗಿ ಉಳಿಯುವುದಿಲ್ಲ.

## ಒಳಗಿನ ವ್ಯವಹಾರ

ಎಲ್ಲರ ವಿಡಿಯೊನೂ ಒಂದೇ ದಿನ, ಒಂದೇ ಗಂಟೆಗೆ ಬರುತ್ತೆ. ಇದು ಫಿಕ್ಸಿಂಗ್ ಅಲ್ವಾ?

ಅದು ದಿನಾಂಕದ ಕರಾರು. ಬಿಡುಗಡೆಗೆ ಮೊದಲೇ ಕೆಲವರಿಗೆ ಬಂದೂಕು ಕಳಿಸಿ, ಇಂಥ ದಿನ ಇಷ್ಟು ಗಂಟೆಯವರೆಗೆ ಬಾಯಿ ಬಿಡುವಂತಿಲ್ಲ ಎಂದು ಸಹಿ ಹಾಕಿಸಿಕೊಳ್ಳುತ್ತಾರೆ. ಫೋನು, ಕಾರು, ಕ್ಯಾಮೆರಾ ಎಲ್ಲದರಲ್ಲೂ ಈ ರೂಢಿ ಇದೆ. ಯಾವಾಗ ಹೇಳಬೇಕೆಂಬುದನ್ನು ಕರಾರು ಕಟ್ಟಿಹಾಕುತ್ತದೆ, ಏನು ಹೇಳಬೇಕೆಂಬುದನ್ನಲ್ಲ.

ಆದರೂ ಇಲ್ಲೊಂದು ತೊಂದರೆ ಇದೆ, ಅದನ್ನು ಹಗುರವಾಗಿ ನೋಡಬಾರದು. ಬಂದೂಕು ಕೈಗೆ ಬಂದದ್ದು ಬಿಡುಗಡೆಗೆ ಎರಡು ವಾರ ಮೊದಲು ಎಂದಿಟ್ಟುಕೊಳ್ಳಿ. ಅಷ್ಟರೊಳಗೆ ಸಾವಿರಾರು ಗುಂಡು ಹಾರಿಸಿ, ಬಿಚ್ಚಿ, ಸವೆತ ನೋಡಿ, ಮತ್ತೆ ಹಾರಿಸುವುದಕ್ಕೆ ಆಗದು. ಮೊದಲ ದಿನವೇ ವಿಡಿಯೊ ಹಾಕದವನಿಗೆ ನೋಡುಗರೂ ಇಲ್ಲ. ಹಾಗಾಗಿ ಅರೆಬೆಂದ ಪರೀಕ್ಷೆಯೇ ‘ಸಂಪೂರ್ಣ ವಿಮರ್ಶೆ’ ಎಂಬ ಹೆಸರಿನಲ್ಲಿ ಹೊರಬರುತ್ತದೆ. ಪ್ರತಿ ಜನವರಿ ಲಾಸ್ ವೇಗಸ್‌ನಲ್ಲಿ ನಡೆಯುವ ಶಾಟ್ ಶೋ ಆಸುಪಾಸಿನಲ್ಲಂತೂ ಇದು ವಿಪರೀತ. ವ್ಯಾಪಾರಸ್ಥರು ಮತ್ತು ಮಾಧ್ಯಮದವರಿಗಷ್ಟೇ ಪ್ರವೇಶವಿರುವ ಆ ಮೇಳದ ಜೊತೆಗೆ ಗುರಿ ಅಭ್ಯಾಸದ ರೇಂಜ್‌ನಲ್ಲಿ ಹೊಸ ಬಂದೂಕುಗಳನ್ನು ಹಾರಿಸಿ ನೋಡುವ ದಿನವೂ ಇರುತ್ತದೆ. ಸಾಲಿನಲ್ಲಿ ನಿಂತು, ಕಂಪನಿಯವರೇ ತುಂಬಿಸಿಟ್ಟ ಗುಂಡಿನ ಡಬ್ಬಿಯಿಂದ, ಅಂದರೆ ಮ್ಯಾಗಜೀನ್‌ನಿಂದ ಹತ್ತಿಪ್ಪತ್ತು ಗುಂಡು ಹಾರಿಸಿದ್ದು ಪರಿಚಯವಾಗಬಹುದು. ಪರೀಕ್ಷೆ ಖಂಡಿತ ಅಲ್ಲ.

ವಿಮರ್ಶಕರಿಗೆ ಆರಿಸಿ ತೆಗೆದ ಬಂದೂಕನ್ನೇ ಕಳಿಸ್ತಾರಲ್ಲ? ನಮ್ಮ ಕೈಗೆ ಬರೋದು ಬೇರೆ.

ಈ ಅನುಮಾನಕ್ಕೆ ಗಟ್ಟಿ ಆಧಾರವಿದೆ. ಆದರೆ ಕೇಳುವವರು ಊಹಿಸುವಷ್ಟು ಕುತಂತ್ರ ಇದಕ್ಕೆ ಬೇಕಿಲ್ಲ.

ರೆಮಿಂಗ್ಟನ್ ಕಂಪನಿಯ ಆರ್51 ಪಿಸ್ತೂಲಿನ ಕಥೆ ತೆಗೆದುಕೊಳ್ಳಿ. 2014ರ ಆರಂಭದಲ್ಲಿ ಅದು ಬಂದಾಗ, ಮೊದಲೇ ಹಾರಿಸಿ ನೋಡಿದ್ದ ಮಾಧ್ಯಮದವರಿಂದ ಒಳ್ಳೆಯ ಮಾತುಗಳೇ ಬಂದವು. ಅಂಗಡಿಯಿಂದ ಕೊಂಡವರ ಅನುಭವ ಪೂರ್ತಿ ಬೇರೆಯಾಯಿತು. ಗುಂಡು ಸಿಕ್ಕಿಹಾಕಿಕೊಳ್ಳುವುದು, ಬಿಡಿಭಾಗಗಳು ಸರಿಯಾಗಿ ಕೂರದಿರುವುದು, ಹೀಗೆ ದೂರಿನ ಮೇಲೆ ದೂರು. ಕಂಪನಿ ತಯಾರಿಕೆ ನಿಲ್ಲಿಸಿ, ಅದೇ ವರ್ಷ ಹೇಳಿಕೆ ಕೊಟ್ಟಿತು: ಮಾದರಿಯಿಂದ ದೊಡ್ಡ ಪ್ರಮಾಣದ ತಯಾರಿಕೆಗೆ ಹೋಗುವಾಗ ತೊಡಕುಗಳಾದವು, ಕೊಂಡವರು ಮರಳಿಸಿದರೆ ಹೊಸದು ಕೊಡುತ್ತೇವೆ ಎಂದು. ತಿದ್ದಿದ ಪಿಸ್ತೂಲು ಮತ್ತೆ ಮಾರುಕಟ್ಟೆಗೆ ಬಂದದ್ದು 2016ರಲ್ಲಿ.

ಮೊದಲು ಹೊಗಳಿದವರು ಸುಳ್ಳು ಹೇಳಿರಬೇಕಾಗಿಲ್ಲ. ಅವರ ಕೈಗೆ ಬಂದ ಪಿಸ್ತೂಲು ಚೆನ್ನಾಗಿಯೇ ನಡೆದಿರಬಹುದು. ಕಾರ್ಖಾನೆಯ ಸಾಲು ಪೂರ್ತಿ ಓಡುವ ಮೊದಲು ತಯಾರಾದ ಮಾದರಿಗಳ ಮೇಲೆ ನುರಿತ ಕೈಗಳ ಗಮನ ಹೆಚ್ಚು ಬಿದ್ದಿರುತ್ತದೆ. ಅಂಚುಗಳನ್ನು ಅರದಿಂದ ತೀಡಿ, ಕೂರದ ಭಾಗವನ್ನು ಬದಲಿಸಿ, ಹಾರಿಸಿ ನೋಡಿ ಕಳಿಸಿರುತ್ತಾರೆ. ಆ ಮಾದರಿಯ ಬಗ್ಗೆ ವಿಮರ್ಶಕ ಬರೆದದ್ದು ನಿಜ, ನೀವು ಕೊಂಡ ಬಂದೂಕಿಗೆ ಮಾತ್ರ ಅದು ಅನ್ವಯಿಸುವುದಿಲ್ಲ. ಅದಕ್ಕೇ ‘ಇದು ತಯಾರಿಕೆಗೆ ಮುಂಚಿನ ಮಾದರಿ’ ಎಂಬ ಒಂದು ಸಾಲು ಬರೆಯದ ವಿಮರ್ಶೆಯ ಮೇಲೆ ನನಗೆ ಕೋಪ ಬರುತ್ತದೆ. ಹಾಗೆ ಬರೆದರೆ ಯಾರಿಗೂ ನಷ್ಟವಿಲ್ಲ. ಬರೆಯದಿದ್ದರೆ ಓದುಗನ ಕೆಲವು ನೂರು ಡಾಲರ್ ಹೋಗುತ್ತದೆ, ಸ್ವರಕ್ಷಣೆಗೆಂದು ಕೊಂಡವನಾದರೆ ಅದಕ್ಕಿಂತ ಹೆಚ್ಚಿನದೂ ಹೋಗಬಹುದು.

ತೆಗಳಿದ ವಿಮರ್ಶೆನೇ ಕಾಣಲ್ವಲ್ಲ, ಎಲ್ಲ ಬಂದೂಕೂ ಅಷ್ಟು ಚೆನ್ನಾಗಿದ್ಯಾ?

ನನಗೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಉತ್ತರ ಇರುವುದು ಪ್ರಕಟವಾಗದ ಬರಹಗಳಲ್ಲಿ.

ಒಂದು ಪಿಸ್ತೂಲು ಪರೀಕ್ಷೆಗೆ ಬಂತು, ಮೊದಲ ನೂರು ಗುಂಡಿನೊಳಗೆ ನಾಲ್ಕು ಸಲ ಸಿಕ್ಕಿಕೊಂಡಿತು ಅಂದುಕೊಳ್ಳಿ. ವಿಮರ್ಶಕ ಕಂಪನಿಗೆ ತಿಳಿಸುತ್ತಾನೆ. ಕಂಪನಿ ವಿನಯದಿಂದಲೇ, ‘ಅದನ್ನು ವಾಪಸ್ ಕಳಿಸಿ, ಬೇರೆ ಕಳಿಸುತ್ತೇವೆ’ ಎನ್ನುತ್ತದೆ. ಎರಡನೆಯದು ಚೆನ್ನಾಗಿ ನಡೆಯುತ್ತದೆ. ಲೇಖನದಲ್ಲಿ ಎರಡನೆಯ ಪಿಸ್ತೂಲು ಮಾತ್ರ ಇರುತ್ತದೆ. ಇಲ್ಲಿ ಯಾರೂ ದುಡ್ಡು ಕೊಟ್ಟಿಲ್ಲ, ಯಾರೂ ಸುಳ್ಳು ಬರೆದಿಲ್ಲ. ಆದರೂ ಓದುಗನಿಗೆ ಬೇಕಿದ್ದ ಒಂದೇ ಒಂದು ಸಂಗತಿ ಮಾಯವಾಗಿದೆ.

ಇನ್ನೊಂದು ಬಗೆಯೂ ಇದೆ. ಸಂಪಾದಕನ ಬಳಿ ಪುಟ ಹತ್ತಿದ್ದರೆ ಬಂದೂಕು ಮೂವತ್ತಿರುತ್ತವೆ. ಕೆಟ್ಟದ್ದಕ್ಕೆ ಪುಟ ಯಾಕೆ ವ್ಯರ್ಥ ಮಾಡಬೇಕು, ಒಳ್ಳೆಯದನ್ನು ಪರಿಚಯಿಸೋಣ ಎನ್ನುವುದು ಅವನ ವಾದ. ಕೇಳಲು ಸರಿಯೆನಿಸುತ್ತದೆ. ಫಲ ಮಾತ್ರ ಏನೆಂದರೆ, ಬಿದ್ದುಹೋದ ಇಪ್ಪತ್ತು ಯಾವುವೆಂದು ಯಾರಿಗೂ ತಿಳಿಯುವುದಿಲ್ಲ. ಇದರ ಮೇಲೆ ದಾಕ್ಷಿಣ್ಯ ಬೇರೆ. ಕಂಪನಿಯ ಮಾಧ್ಯಮ ಪ್ರತಿನಿಧಿ ವರ್ಷಗಳಿಂದ ಪರಿಚಯದವನು, ಜೊತೆಗೆ ಕೂತು ಉಂಡವನು, ಫೋನ್ ಮಾಡಿದರೆ ತಕ್ಷಣ ಎತ್ತುವವನು. ಉಂಡ ಮನೆಗೆ ಎರಡು ಬಗೆಯಬಾರದೆಂಬ ಸಂಕೋಚ ಒಳ್ಳೆಯ ಮನುಷ್ಯರನ್ನೇ ಹೆಚ್ಚು ಕಾಡುತ್ತದೆ. ‘ಟ್ರಿಗರ್ ಕೆಟ್ಟದಾಗಿದೆ’ ಎಂದು ಬರೆಯಬೇಕಿದ್ದವನು ‘ಟ್ರಿಗರ್ ಕೆಲವರಿಗೆ ಒಗ್ಗದಿರಬಹುದು’ ಎಂದು ಬರೆದುಬಿಡುತ್ತಾನೆ.

ಟೀಕೆ ಮಾಡಿದ್ರೆ ಆಮೇಲೆ ಬಂದೂಕು ಕಳಿಸೋದೇ ನಿಲ್ಲಿಸ್ತಾರಾ?

ನಿಲ್ಲಿಸುವುದಿದೆ. ಅದಕ್ಕೆ ಪತ್ರ, ಘೋಷಣೆ ಏನೂ ಬೇಕಿಲ್ಲ, ಮುಂದಿನ ಸಲದ ಪಟ್ಟಿಯಲ್ಲಿ ಹೆಸರಿರುವುದಿಲ್ಲ, ಅಷ್ಟೇ. ಹಾಗೆಂದು ಎಲ್ಲ ಕಂಪನಿಗಳೂ ಒಂದೇ ಥರವಲ್ಲ. ದೋಷವನ್ನು ಸಾಕ್ಷಿ ಸಮೇತ ತೋರಿಸಿದಾಗ ಎಂಜಿನಿಯರ್‌ನನ್ನೇ ಫೋನಿಗೆ ಕೂರಿಸುವವರೂ ಇದ್ದಾರೆ.

ದೊಡ್ಡ ಏಟು ಬಿದ್ದ ಎರಡು ಪ್ರಕರಣಗಳನ್ನು ನೋಡಿದರೆ, ಕಿಡಿ ಹೊತ್ತಿದ್ದು ಉತ್ಪನ್ನದ ಟೀಕೆಯಿಂದಲ್ಲ. 2007ರ ಫೆಬ್ರುವರಿಯಲ್ಲಿ ‘ಔಟ್‌ಡೋರ್ ಲೈಫ್’ ಪತ್ರಿಕೆಯ ಬೇಟೆ ಬರಹಗಾರ ಜಿಮ್ ಜಂಬೊ, ಸೇನೆಯ ರೈಫಲ್ ಹೋಲುವ ಎಆರ್ ಮಾದರಿಯ ರೈಫಲ್‌ಗಳಿಗೆ ಬೇಟೆಯಲ್ಲಿ ಜಾಗವಿಲ್ಲ ಎಂದು ಕಟುವಾಗಿ ಬರೆದರು. ಓದುಗರು ಸಿಡಿದೆದ್ದರು. ಕೆಲವೇ ದಿನಗಳಲ್ಲಿ ರೆಮಿಂಗ್ಟನ್ ಪ್ರಾಯೋಜಕತ್ವ ಕಡಿದುಕೊಂಡಿತು, ಪತ್ರಿಕೆಯ ನಂಟೂ ಹೋಯಿತು. ‘ಗನ್ಸ್ ಆ್ಯಂಡ್ ಆಮೋ’ ಪತ್ರಿಕೆಯ ಡಿಸೆಂಬರ್ 2013ರ ಸಂಚಿಕೆಯಲ್ಲಿ ಡಿಕ್ ಮೆಟ್ಕಾಫ್, ಹಕ್ಕುಗಳಿಗೆಲ್ಲ ಒಂದಷ್ಟು ನಿಯಂತ್ರಣ ಇದ್ದೇ ಇದೆ ಎಂಬರ್ಥದ ಅಂಕಣ ಬರೆದರು. ಅವರನ್ನು ತೆಗೆದುಹಾಕಲಾಯಿತು, ಸಂಪಾದಕರೂ ಕ್ಷಮೆ ಕೇಳಿ ಕೆಳಗಿಳಿದರು. ಎರಡು ದೊಡ್ಡ ತಯಾರಿಕಾ ಕಂಪನಿಗಳು ಪ್ರಕಾಶಕರ ಮೇಲೆ ಒತ್ತಡ ಹಾಕಿದ್ದವೆಂದು ಮೆಟ್ಕಾಫ್ ಹೇಳಿದ್ದಾರೆ. ಎರಡೂ ಕಡೆ ಮೊದಲು ಕೂಗೆದ್ದದ್ದು ಓದುಗರ ಕಡೆಯಿಂದ. ವಿಮರ್ಶಕ ಕಂಪನಿಗಷ್ಟೇ ಹೆದರುತ್ತಾನೆಂದು ತಿಳಿಯುವುದು ಅರ್ಧ ಚಿತ್ರ. ತನ್ನ ಓದುಗರು ಪ್ರೀತಿಸುವ ಬಂದೂಕಿನ ತಪ್ಪು ಹೇಳುವುದಕ್ಕೂ ಅಷ್ಟೇ ಧೈರ್ಯ ಬೇಕು.

## ಇನ್ನಷ್ಟು ಆಳಕ್ಕೆ

500 ಗುಂಡು ಹಾರಿಸಿ ಒಂದೂ ತೊಂದರೆ ಬರ್ಲಿಲ್ಲ ಅಂದ್ರೆ ಬಂದೂಕು ನಂಬಬಹುದು ತಾನೇ?

ಲೆಕ್ಕ ಹಾಕಿ ನೋಡಿ. ಒಂದೂ ವೈಫಲ್ಯವಿಲ್ಲದೆ ಅಷ್ಟು ಪ್ರಯತ್ನ ನಡೆದರೆ, 3ನ್ನು ಪ್ರಯತ್ನಗಳ ಸಂಖ್ಯೆಯಿಂದ ಭಾಗಿಸಿ ಎಂಬುದು ಸಂಖ್ಯಾಶಾಸ್ತ್ರದ ಒಂದು ಸರಳ ಸೂತ್ರ. 500 ಗುಂಡಿಗೆ ಅದು 0.6 ಶೇಕಡಾ. ಅಂದರೆ ನೀವು 95 ಶೇಕಡಾ ಭರವಸೆಯಿಂದ ಹೇಳಬಹುದಾದದ್ದು ಇಷ್ಟೇ: ಈ ಬಂದೂಕು ಸುಮಾರು 167 ಗುಂಡಿಗೊಮ್ಮೆ ಕೈಕೊಡುವುದಕ್ಕಿಂತ ಕೆಟ್ಟದಾಗಿಲ್ಲ. 2,000 ಗುಂಡು ಹಾರಿಸಿದರೆ ಆ ಮಿತಿ ಸುಮಾರು 667ಕ್ಕೆ ಒಂದು. ಅದೂ ಆ ಒಂದು ಬಂದೂಕಿಗೆ, ಆ ಬಗೆಯ ಗುಂಡಿಗೆ.

ಯಾಕೆ ಎಲ್ಲರೂ 2,000 ಹಾರಿಸುವುದಿಲ್ಲ? ದುಡ್ಡಿನ ಕಾರಣಕ್ಕೆ. 9 ಮಿಲಿಮೀಟರ್‌ನ ಸಾಧಾರಣ ಗುಂಡೊಂದಕ್ಕೆ 25 ಸೆಂಟ್ ಎಂದು ಹಿಡಿದರೂ 500 ಡಾಲರ್ ಆಗುತ್ತದೆ, ಅನೇಕ ಪಿಸ್ತೂಲುಗಳ ಬೆಲೆಯೇ ಅಷ್ಟು. ಗುಂಡಿನ ಕಂಪನಿಯ ಪ್ರಾಯೋಜಕತ್ವವನ್ನು ವಿಮರ್ಶಕರು ಬಯಸುವುದು ಇದಕ್ಕೇ. ಆಗ ಪರೀಕ್ಷೆಯೆಲ್ಲ ಒಂದೇ ಬ್ರ್ಯಾಂಡಿನ ಗುಂಡಿನ ಮೇಲೆ ನಡೆದುಹೋಗುವ ಅಪಾಯವೂ ಬರುತ್ತದೆ.

ಒಳ್ಳೆಯ ವಿಮರ್ಶಕನ ನೋಟ್‌ಬುಕ್ ಸಿಕ್ಕರೆ ನೋಡಬೇಕು. ಬಂದೂಕು ನಿಂತ ಪ್ರತಿ ಸಲವೂ ಒಂದು ಸಾಲು: ಎಷ್ಟನೇ ಗುಂಡು, ಮ್ಯಾಗಜೀನ್‌ನ ತಳಕ್ಕೆ ಬಣ್ಣದಲ್ಲಿ ಬರೆದ ನಂಬರ್ ಯಾವುದು, ಗುಂಡಿನ ಪೆಟ್ಟಿಗೆಯ ಲಾಟ್ ನಂಬರ್, ಖಾಲಿ ಚಿಪ್ಪು ಹೊರಬರಲಿಲ್ಲವೋ ಹೊಸ ಗುಂಡು ಒಳಹೋಗಲಿಲ್ಲವೋ. ಮೂರು ಸಲವೂ ಒಂದೇ ಮ್ಯಾಗಜೀನ್‌ನಲ್ಲಿ ನಿಂತಿದ್ದರೆ ತಪ್ಪು ಪಿಸ್ತೂಲಿನದಲ್ಲ, ಆ ಮ್ಯಾಗಜೀನ್‌ನ ತುಟಿಯದ್ದೋ ಸ್ಪ್ರಿಂಗಿನದೋ ಇರಬಹುದು. ‘ಆಗಾಗ ಜಾಮ್ ಆಯಿತು’ ಎಂಬ ವಾಕ್ಯದಿಂದ ಇದೇನೂ ತಿಳಿಯುವುದಿಲ್ಲ.

ಮೆಷಿನ್‌ಗನ್, ಸೈಲೆನ್ಸರ್ ಎಲ್ಲ ಇವರಿಗೆ ಕಂಪನಿ ಸ್ನೇಹದಿಂದ ಸಿಗುತ್ತಾ?

ಸ್ನೇಹದಿಂದ ಸಿಗುವುದಿಲ್ಲ, ಪರವಾನಗಿಯಿಂದ ಸಿಗುತ್ತದೆ. 1934ರ ಕಾಯ್ದೆಯ ಪ್ರಕಾರ ಇವೆಲ್ಲ ಕೇಂದ್ರ ಸರ್ಕಾರದಲ್ಲಿ ನೋಂದಣಿಯಾಗಬೇಕು. ಸೈಲೆನ್ಸರ್ ಮೇಲಿನ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಸೊನ್ನೆಯಾಗಿದೆ, ಆದರೆ ಅರ್ಜಿ, ಬೆರಳಚ್ಚು, ನೋಂದಣಿ ಹಾಗೇ ಉಳಿದಿವೆ. ಮೆಷಿನ್‌ಗನ್ ವಿಷಯದಲ್ಲಿ, 1986ರ ಮೇ 19ರ ನಂತರ ನೋಂದಣಿಯಾದವು ಸಾಮಾನ್ಯರ ಕೈಗೆ ಬರುವಂತಿಲ್ಲ. ವಿಡಿಯೊಗಳಲ್ಲಿ ನೀವು ಕಾಣುವ ಹೊಸ ಸ್ವಯಂಚಾಲಿತ ಬಂದೂಕುಗಳು ಹೆಚ್ಚಾಗಿ ವಿಶೇಷ ತೆರಿಗೆ ಕಟ್ಟಿದ ತಯಾರಕರ, ವರ್ತಕರ ಸ್ವತ್ತು. ಅವರ ಕಣ್ಣೆದುರಿಗೇ ಚಿತ್ರೀಕರಣ ನಡೆಯುತ್ತದೆ. ಹಾಗಾಗಿ ಅದು ಒಂದು ಮಧ್ಯಾಹ್ನದ ಅನುಭವ, ಬಾಳಿಕೆಯ ಬಗ್ಗೆ ಅದರಿಂದ ಏನೂ ತಿಳಿಯದು.

ಸ್ವಂತ ದುಡ್ಡು ಹಾಕಿ ಕೊಂಡು ವಿಮರ್ಶೆ ಮಾಡೋರನ್ನ ಮಾತ್ರ ನಂಬಿದ್ರೆ ಸಾಕಲ್ವಾ?

ಅಂಗಡಿಯಿಂದ ಹೆಸರು ಹೇಳದೆ ಕೊಂಡ ಬಂದೂಕಿಗೆ ಒಂದು ದೊಡ್ಡ ಗುಣವಿದೆ: ಅದನ್ನು ಯಾರೂ ಆರಿಸಿ ಕಳಿಸಿಲ್ಲ. ‘ಗನ್ ಟೆಸ್ಟ್ಸ್’ ಎಂಬ ಪತ್ರಿಕೆ ಜಾಹೀರಾತೇ ಇಲ್ಲದೆ ಚಂದಾದಾರರ ದುಡ್ಡಿನಲ್ಲಿ ನಡೆದುಬಂದಿದೆ, ಆ ದಾರಿಗೆ ನನ್ನ ಗೌರವವಿದೆ.

ಆದರೆ ಸ್ವಂತ ದುಡ್ಡು ಹಾಕಿದವನಿಗೂ ಮಮಕಾರ ಇರುತ್ತದೆ. ಕೊಳ್ಳುವ ಮೊದಲೇ ಮೆಚ್ಚಿದ್ದಕ್ಕೆ ಅವನು ಕೊಂಡಿರುತ್ತಾನೆ. ಪರೀಕ್ಷೆ ಮುಗಿದ ಮೇಲೆ ಅದನ್ನೇ ಮಾರಿ ಮುಂದಿನದನ್ನು ಕೊಳ್ಳಬೇಕಾದವನು, ಮಾರುವ ಸರಕನ್ನು ತಾನೇ ಹಾಳುಗೆಡವಲು ಹಿಂಜರಿಯುತ್ತಾನೆ. ಮರಳು, ಕೆಸರು, ಎಣ್ಣೆಯಿಲ್ಲದ ಸಾವಿರ ಗುಂಡು, ಇಂಥ ಒರಟು ಪರೀಕ್ಷೆಗೆ ಎರವಲು ಬಂದೂಕೇ ಅನುಕೂಲ, ಕರಾರಿನಲ್ಲಿ ಅವಕಾಶವಿದ್ದರೆ. ಹೀಗಾಗಿ ಬಂದೂಕು ಯಾರದೆಂಬುದಕ್ಕಿಂತ, ಅದು ಹೇಗೆ ಬಂತು, ಎಷ್ಟನೆಯದು, ಮೊದಲನೆಯದಕ್ಕೆ ಏನಾಯಿತು ಎಂಬ ಮೂರನ್ನು ಬರೆದವನನ್ನು ನಾನು ನಂಬುತ್ತೇನೆ.

ಸರ್ಕಾರದ ತಪಾಸಣೆ ಆಗೇ ಬಂದಿರುತ್ತಲ್ಲ, ಇವರ ವಿಮರ್ಶೆಯಿಂದ ಸುರಕ್ಷತೆಗೆ ಏನು ಉಪಯೋಗ?

ಇಲ್ಲಿ ಬಹಳ ಜನ ಎಡವುತ್ತಾರೆ. ಆಟಿಕೆಯಿಂದ ಹಿಡಿದು ಇಸ್ತ್ರಿಪೆಟ್ಟಿಗೆಯವರೆಗೆ ದೋಷವಿದ್ದರೆ ವಾಪಸ್ ತೆಗೆದುಕೊಳ್ಳಿ ಎಂದು ಆದೇಶಿಸಬಲ್ಲ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅಮೆರಿಕದಲ್ಲಿದೆ. 1972ರಲ್ಲಿ ಅದನ್ನು ಕಟ್ಟಿದ ಕಾಯ್ದೆಯೇ ಬಂದೂಕು ಮತ್ತು ಗುಂಡನ್ನು ಅದರ ವ್ಯಾಪ್ತಿಯಿಂದ ಹೊರಗಿಟ್ಟಿತು. ಕೈಗಾರಿಕೆಯೇ 1926ರಲ್ಲಿ ಕಟ್ಟಿಕೊಂಡ ಸಾಮಿ ಎಂಬ ಸಂಸ್ಥೆಯ ಮಾನದಂಡಗಳಿವೆ. ಅವು ಸ್ವಯಂಪ್ರೇರಿತ. ದೋಷವಿರುವ ಬಂದೂಕನ್ನು ಹಿಂಪಡೆಯುವ ತೀರ್ಮಾನ ಮೊದಲಿಗೆ ತಯಾರಕರದೇ.

ಇದರ ತೂಕ ತಿಳಿಯಲು 2017ರ ಆಗಸ್ಟ್ ನೋಡಿ. ಅದೇ ಜನವರಿಯಲ್ಲಿ ಅಮೆರಿಕದ ಸೇನೆ ಸಿಗ್ ಸಾವರ್ ಕಂಪನಿಯ ಪಿ320 ಆಧಾರಿತ ಪಿಸ್ತೂಲನ್ನು ಆರಿಸಿಕೊಂಡಿತ್ತು. ಆಗಸ್ಟ್‌ನಲ್ಲಿ ‘ಒಮಾಹಾ ಔಟ್‌ಡೋರ್ಸ್’ ಎಂಬ ಮಾರಾಟ ಸಂಸ್ಥೆ ನಾಗರಿಕ ಮಾದರಿಯ ಪಿ320ಗಳನ್ನು ಬೀಳಿಸಿ ನೋಡಿದ ವಿಡಿಯೊ ಹೊರಬಿಟ್ಟಿತು. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಸ್ಲೈಡ್ ಎಂಬ ಭಾಗದ ಹಿಂಬದಿ ಒಂದು ನಿರ್ದಿಷ್ಟ ಕೋನದಲ್ಲಿ ನೆಲಕ್ಕೆ ಬಡಿದಾಗ ಯಾರೂ ಮುಟ್ಟದೆಯೇ ಪಿಸ್ತೂಲು ಸಿಡಿಯುತ್ತಿತ್ತು. ಬೀಳುವ ಪಿಸ್ತೂಲು ತಟ್ಟನೆ ನಿಂತರೂ, ಭಾರವಿದ್ದ ಟ್ರಿಗರ್ ತನ್ನ ಓಟದಲ್ಲೇ ಹಿಂದಕ್ಕೆ ಸಾಗಿ, ಬೆರಳು ಎಳೆದಂತೆಯೇ ಕೆಲಸ ಮಾಡಿಬಿಡುತ್ತಿತ್ತು. ಆಗಸ್ಟ್ 8ರಂದು ಕಂಪನಿ ಹಗುರವಾದ ಟ್ರಿಗರ್ ಮತ್ತು ಸ್ಟ್ರೈಕರ್ (ಗುಂಡಿನ ಹಿಂಬದಿಗೆ ಬಡಿಯುವ ಕಡ್ಡಿ) ಇರುವ ಬದಲಾವಣೆಯನ್ನು ಪುಕ್ಕಟೆ ಮಾಡಿಕೊಡುವುದಾಗಿ ಪ್ರಕಟಿಸಿತು. ಅದಕ್ಕೆ ಇಟ್ಟ ಹೆಸರು ‘ಸ್ವಯಂಪ್ರೇರಿತ ಮೇಲ್ದರ್ಜೆ’.

2018ರ ಜನವರಿಯಲ್ಲಿ ಹೊರಬಂದ ಅಮೆರಿಕದ ರಕ್ಷಣಾ ಇಲಾಖೆಯ ಪರೀಕ್ಷಾ ವರದಿಯಲ್ಲಿ ಸೇನೆಯ ಪಿಸ್ತೂಲಿನ ಬಗ್ಗೆಯೂ ಒಂದು ಮಾತಿದೆ: ಬೀಳಿಸಿದ ಪರೀಕ್ಷೆಯಲ್ಲಿ ಅದೂ ಸಿಡಿದಿತ್ತು, ಟ್ರಿಗರ್ ಜೋಡಣೆಯ ಭಾಗಗಳನ್ನು ಹಗುರಗೊಳಿಸಿ ಸರಿಪಡಿಸಲಾಯಿತು. ನಾಗರಿಕರ ಕೈಯಲ್ಲಿದ್ದ ಲಕ್ಷಾಂತರ ಪಿಸ್ತೂಲುಗಳ ವಿಷಯ ಬೀದಿಗೆ ಬಂದದ್ದು ಮಾತ್ರ, ಅದನ್ನು ಕ್ಯಾಮೆರಾ ಮುಂದೆ ಎತ್ತಿ ನೆಲಕ್ಕೆ ಬಿಟ್ಟು ನೋಡುವ ಗೊಡವೆಗೆ ಹೋದವರಿಂದ.